ಭತ್ತದ ಊರಲ್ಲಿ ಜೋಳದ ರೊಟ್ಟಿ

ಗಂಗಾವತಿಗೆ ಬಂದವರು ಸೀದಾ ಅಂಜನಾದ್ರಿಗೆ, ಆನೆಗೊಂದಿಗೆ ಓಡ್ತಾರೆ; ಪುರಾತತ್ವದ ಹುಚ್ಚಿದ್ದರೆ ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳಿಗೆ. ನಾನು ಮಾತ್ರ ಮೊದಲು ರೈಸ್ ಮಿಲ್ಲುಗಳ ರಸ್ತೆ ಹಿಡೀತೀನಿ. ತೌಡಿನ ವಾಸನೆ, ಲಾರಿ ಸಾಲು, ಹಮಾಲರ ಕೂಗು. ಈಗಿನ ಊರನ್ನು ಕಟ್ಟಿದ್ದು ಇದೇ.

ಆನೆಗೊಂದಿ ಕಡೆ ವಿಜಯನಗರದ ಕಾಲುವೆಗಳಿದ್ದವು, ನಿಜ. ಉಳಿದ ಎರೆಹೊಲದಲ್ಲೆಲ್ಲ ಜೋಳ. "ಅಕ್ಕಿ ಅಂದ್ರ ಹಬ್ಬದ ಊಟ" ಅಂತಿದ್ದಳು ನಮ್ಮಜ್ಜಿ. 1945ರಲ್ಲಿ ಹೈದರಾಬಾದ್ ಸಂಸ್ಥಾನ, ಮದ್ರಾಸ್ ಪ್ರಾಂತ್ಯ ಸೇರಿ ತುಂಗಭದ್ರಾ ಅಣೆಕಟ್ಟೆಗೆ ಕೈಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅದರ ಹಿಂದೆಯೇ ಆಂಧ್ರದ ರೈತರು ಬಂದು 'ಕ್ಯಾಂಪ್' ಕಟ್ಟಿದರು. ಗದ್ದೆ ಬಂತು, ಮಿಲ್ಲು ಬಂತು, ಸೋನಾ ಮಸೂರಿ ಬಂತು. ಶ್ರೀರಾಮನಗರದಲ್ಲಿ ಇವತ್ತೂ ತೆಲುಗಿನಲ್ಲೇ ಚಹಾ ಕೇಳಬಹುದು.

2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯ್ತು. ಬೆಳಿಗ್ಗೆ ಬೆಂಗಳೂರಿಗೆ ಮಾವನ ಫೋನು: "ಈ ಸಲ ಮಿಲ್ಲಿಗೆ ಏನ್ ಹಾಕೂದಪಾ?" ವಾರದಲ್ಲಿ, ಹರಿಯೋ ನೀರಿನಲ್ಲೇ, ತಾತ್ಕಾಲಿಕ ಗೇಟು ಇಳಿಸಿದರು. ಮಳೆಯೂ ಕೈಹಿಡೀತು. ಮಿಲ್ಲು ತಿರುಗಿದವು.

ಮೊನ್ನೆ ಮಾವನ ಮನೇಲಿ ಊಟಕ್ಕೆ ಖಡಕ್ ರೊಟ್ಟಿ. ಜೋಳ ಯಾವ ಹೊಲದ್ದು ಅಂದೆ. ಕುಷ್ಟಗಿ ಸಂತೆಯಿಂದ ಕೊಂಡು ತಂದಿದ್ದಂತೆ.