ಮಗುವಿನ ಕೈಗೆ ಎಷ್ಟು ಎಲೆ?

ಕೋಲ್ಕತ್ತಾದ ಅಲಿಪುರದಲ್ಲಿ ಡುಯೆಲ್ ಅವೆನ್ಯೂ ಎಂಬ ಪುಟ್ಟ ರಸ್ತೆಯೊಂದಿದೆ. 1780ರ ಆಗಸ್ಟ್ 17ರ ಮುಂಜಾನೆ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮತ್ತು ಅವನ ಕೌನ್ಸಿಲ್ಲಿನ ಸದಸ್ಯ ಫಿಲಿಪ್ ಫ್ರಾನ್ಸಿಸ್ ಇದೇ ಆಸುಪಾಸಿನಲ್ಲಿ ಪಿಸ್ತೂಲು ಹಿಡಿದು ಎದುರುಬದುರಾಗಿ ನಿಂತರು. ಗುಂಡು ತಗುಲಿದ್ದು ಫ್ರಾನ್ಸಿಸ್‌ಗೆ. ಅವನನ್ನು ಹತ್ತಿರದ ಬೆಲ್ವೆಡಿಯರ್ ಬಂಗಲೆಗೆ ಹೊತ್ತೊಯ್ದು ಆರೈಕೆ ಮಾಡಿದರು. ಜಗಳ ಆಡಳಿತದ್ದು, ಇಸ್ಪೀಟಿನದಲ್ಲ. ಆದರೆ ಈ ಫ್ರಾನ್ಸಿಸ್ ಇಸ್ಪೀಟಿನಲ್ಲೂ ಸಣ್ಣ ಕುಳವೇನಲ್ಲ. ವಿಸ್ಟ್ ಆಟದಲ್ಲಿ ಒಂದೇ ದಿನ ಸುಮಾರು ಇಪ್ಪತ್ತು ಸಾವಿರ ಪೌಂಡ್ ಗೆದ್ದೆನೆಂದೂ, ಆಮೇಲೆ ಅದು ಹನ್ನೆರಡು ಸಾವಿರಕ್ಕೆ ಇಳಿಯಿತೆಂದೂ ಅವನೇ ಗೆಳೆಯನಿಗೆ ಪತ್ರ ಬರೆದಿದ್ದ. ಎದುರಾಳಿ ಇನ್ನೊಬ್ಬ ಕೌನ್ಸಿಲ್ ಸದಸ್ಯ, ರಿಚರ್ಡ್ ಬಾರ್‌ವೆಲ್. ಆ ಕಾಲಕ್ಕೆ ಅದು ಊರನ್ನೇ ಕೊಳ್ಳಬಹುದಾದ ದುಡ್ಡು.

ಎಲೆಯಾಟ ಎಂದರೆ ಮನೆ ಹಾಳು ಎಂದು ನಮ್ಮ ಅಜ್ಜಿಯರೂ ಹೇಳುತ್ತಿದ್ದರು. ‘ಇಸ್ಪೀಟು’ ಎಂಬ ಮಾತು ಕನ್ನಡದ ಮನೆಗಳಲ್ಲಿ ಬಹುಕಾಲ ಬೈಗುಳದ ಹತ್ತಿರವೇ ಇತ್ತು. ಅದೇ ಮನೆಗಳಲ್ಲಿ ಬೇಸಿಗೆ ರಜೆಯ ಮಧ್ಯಾಹ್ನ ಅತ್ತೆಯೋ ಸೋದರಮಾವನೋ ಮಕ್ಕಳನ್ನು ಸುತ್ತ ಕೂರಿಸಿಕೊಂಡು ‘ಕತ್ತೆ’ ಆಟ ಕಲಿಸುತ್ತಿದ್ದರು. ಕೈಯಲ್ಲಿ ಎಲೆ ಉಳಿಸಿಕೊಂಡವನು ಕತ್ತೆ. ದುಡ್ಡಿಲ್ಲ, ಪಣವಿಲ್ಲ, ಒಂದಿಷ್ಟು ಅವಮಾನ ಮಾತ್ರ. ಆಟಿನ್, ಡೈಮನ್, ಕಳಾವರ್ ಎಂಬ ಹೆಸರುಗಳನ್ನು ಮಗು ಕಲಿಯುತ್ತಿದ್ದುದು ಅಲ್ಲೇ. ಡಚ್ಚರು ಈ ಮೂರೆಸಳಿನ ಎಲೆಗೆ ‘ಕ್ಲಾವರ್’ ಎನ್ನುತ್ತಾರೆ. ನಮ್ಮ ಕಳಾವರ್ ಯಾವ ಹಡಗಿನಿಂದ ಇಳಿದು ಬಂದದ್ದೆಂದು ಬೇರೆ ಹೇಳಬೇಕಿಲ್ಲ.

ಈ ಹಡಗಿನ ಎಲೆಗಳು ಬರುವ ಮೊದಲು ಇಲ್ಲಿ ಇದ್ದದ್ದು ಗಂಜೀಫಾ ಎಂಬ ಎಲೆಯಾಟ.

ಅದರ ಕಥೆ ಹೇಳಲು ಅಲಿಪುರದಿಂದ ಒಂದು ದಾರಿ ಮೈಸೂರಿಗೆ ಹೋಗುತ್ತದೆ. ಹೇಸ್ಟಿಂಗ್ಸ್ ಬೆಲ್ವೆಡಿಯರನ್ನು ಮಾರಿದ್ದು ಮೇಜರ್ ವಿಲಿಯಂ ಟಾಲಿಗೆ. ಅಲಿಪುರದ ಅಂಚಿನಲ್ಲಿ ಹರಿಯುವ ಟಾಲಿ ನಾಲೆ, ಅದರಾಚೆಗಿನ ಟಾಲಿಗಂಜ್, ಎರಡಕ್ಕೂ ಅವನದೇ ಹೆಸರು. 1806ರ ವೆಲ್ಲೂರು ದಂಗೆಯ ನಂತರ ಟಿಪ್ಪು ಸುಲ್ತಾನನ ಮಕ್ಕಳನ್ನು ಈಸ್ಟ್ ಇಂಡಿಯಾ ಕಂಪನಿ ಸಾಗಹಾಕಿದ್ದು ಇದೇ ಟಾಲಿಗಂಜಿಗೆ. ಅವರ ಮನೆತನದ ಕೈತಪ್ಪಿದ ಮೈಸೂರಿನ ಸಿಂಹಾಸನದ ಮೇಲೆ 1799ರ ಜೂನ್ 30ರಂದು ಕೂತದ್ದು ಐದು ವರ್ಷ ತುಂಬದ ಒಂದು ಮಗು, ಮುಮ್ಮಡಿ ಕೃಷ್ಣರಾಜ ಒಡೆಯರ್. ಭಾರತದಲ್ಲಿ ಎಲೆಯಾಟಕ್ಕೆ ಇವರಷ್ಟು ತಲೆ ಕೊಟ್ಟ ಅರಸ ಇನ್ನೊಬ್ಬನಿರಲಾರ.

ಗಂಜೀಫಾ ಮೈಸೂರಿನಲ್ಲಿ ಹುಟ್ಟಿದ್ದಲ್ಲ. 1527ರಲ್ಲಿ ಬಾಬರ್ ಸಿಂಧ್‌ನ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಷಾ ಹಸನ್ ತಾನೇ ಕೇಳಿ ತರಿಸಿಕೊಂಡದ್ದಂತೆ, ಅಷ್ಟು ಹುಚ್ಚು. ಅಕ್ಬರನ ಆಸ್ಥಾನದಲ್ಲಿ ಹನ್ನೆರಡು ರಂಗಿನ 144 ಎಲೆಯ ಆಟವಿತ್ತೆಂದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ವಿವರಿಸುತ್ತಾನೆ. ಅಶ್ವಪತಿ, ಗಜಪತಿ, ನರಪತಿ ಎಂಬ ಹೆಸರುಗಳು ಅದರಲ್ಲಿವೆ. ಎಂಟು ರಂಗಿನ 96 ಎಲೆಯದು ಇನ್ನೊಂದು; ಹೆಚ್ಚು ಹರಡಿದ್ದು ಅದೇ. ಹಿಂದೂ ಮನೆಗಳಿಗೆ ಬರುವ ಹೊತ್ತಿಗೆ ರಂಗುಗಳು ಹತ್ತಾದವು, ಒಂದೊಂದೂ ವಿಷ್ಣುವಿನ ಒಂದೊಂದು ಅವತಾರ. ಹತ್ತು ಅವತಾರಕ್ಕೆ ಹನ್ನೆರಡರಂತೆ 120 ದುಂಡನೆಯ ಎಲೆ.

ಮಗುವಿಗೆ ಕಲಿಸಲು ಇದು ಕಷ್ಟವೋ ಸುಲಭವೋ? ಮೊದಲು ಸುಲಭದ ಮಾತು. ಎಲೆಯ ಮೇಲೆ ಓದುವುದಕ್ಕೆ ಏನೂ ಇಲ್ಲ. ಮೀನು ಇದ್ದರೆ ಮತ್ಸ್ಯ, ಆಮೆ ಇದ್ದರೆ ಕೂರ್ಮ, ಕೊಡಲಿ ಇದ್ದರೆ ಪರಶುರಾಮ. ಎಷ್ಟು ಮೀನು ಎಂದು ಬೆರಳಿಟ್ಟು ಎಣಿಸಿದರೆ ಮುಗಿಯಿತು. ಒಂದರಿಂದ ಹತ್ತು, ಮೇಲೆ ಮಂತ್ರಿ, ಅದರ ಮೇಲೆ ರಾಜ. ಅಕ್ಷರ ಬಾರದ ನಾಲ್ಕು ವರ್ಷದ ಮಗು ಎಣಿಕೆಯನ್ನೂ ಕಲಿತೀತು, ದಶಾವತಾರದ ಸಾಲನ್ನೂ ಬಾಯಿಪಾಠ ಮಾಡೀತು. ತುರುಪು ಎಂಬುದೇ ಈ ಆಟದಲ್ಲಿಲ್ಲ. ಆಯಾ ರಂಗಿನಲ್ಲಿ ದೊಡ್ಡ ಎಲೆ ಗೆಲ್ಲುತ್ತದೆ, ಅಷ್ಟೇ.

ಕಷ್ಟ ಬರುವುದು ಅರ್ಧ ದಾರಿಯಲ್ಲಿ. ಮತ್ಸ್ಯ, ಕೂರ್ಮದಂಥ ಮೊದಲ ಐದು ಅವತಾರಗಳಲ್ಲಿ ರಾಜ, ಮಂತ್ರಿಯ ಕೆಳಗೆ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ಐದರಲ್ಲಿ ಲೆಕ್ಕ ತಲೆಕೆಳಗು: ಮಂತ್ರಿಯ ಕೆಳಗೆ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಚಿಕ್ಕದು. ಒಂದು ಬಾಣದ ರಾಮನ ಎಲೆ ಹತ್ತು ಬಾಣದ ಎಲೆಯನ್ನು ಹೊಡೆಯುತ್ತದೆ ಎಂದರೆ ಮಗು ಒಪ್ಪುವುದಿಲ್ಲ, ಜಗಳಕ್ಕೇ ಬರುತ್ತದೆ. ಸಾಲದ್ದಕ್ಕೆ ಹೊತ್ತಿನ ನಿಯಮ ಬೇರೆ. ಹಗಲು ಆಡಿದರೆ ಮೊದಲ ಎಲೆ ಇಳಿಯುವವನು ರಾಮನ ರಾಜ ಕೈಯಲ್ಲಿದ್ದವನು, ರಾತ್ರಿಯಾದರೆ ಕೃಷ್ಣನದು. ಇಳಿದುಹೋದ ಎಲೆಗಳನ್ನೆಲ್ಲ ನೆನಪಿಟ್ಟು, ಉಳಿದವುಗಳಲ್ಲಿ ಯಾವುದು ಈಗ ಎಲ್ಲಕ್ಕಿಂತ ದೊಡ್ಡದೋ ಅದನ್ನು ಗುರುತಿಸಬೇಕು. ಅದಕ್ಕೆ ಹುಕುಂ ಎನ್ನುತ್ತಾರೆ. 120 ಎಲೆಯ ಆಟದಲ್ಲಿ ದೊಡ್ಡವರಿಗೇ ಬೆವರು ಬರುವ ಕೆಲಸ.

ಮುಮ್ಮಡಿಯವರಿಗೆ ಇಷ್ಟೂ ಸಾಲಲಿಲ್ಲ. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅರಸರ ಕೈಯಲ್ಲಿ ಉಳಿದದ್ದು ಬಿರುದು ಮತ್ತು ಬಿಡುವು. 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಆ ಬಿಡುವನ್ನು ಪುಸ್ತಕ, ಚಿತ್ರ, ಚದುರಂಗ ಮತ್ತು ಎಲೆಯಾಟಕ್ಕೆ ಸುರಿದರು. ‘ಶ್ರೀತತ್ತ್ವನಿಧಿ’ ಎಂಬ ಬೃಹದ್ಗ್ರಂಥದ ಒಂಬತ್ತನೆಯ ಭಾಗವೇ ಕೌತುಕನಿಧಿ. ಅವರು ಕಟ್ಟಿದ ಎಲೆಯಾಟಗಳ ವಿವರ ಅದರಲ್ಲಿದೆ. ಅವಕ್ಕೆ ಅವರಿಟ್ಟ ಹೆಸರು ‘ಛದ’. ಸಂಸ್ಕೃತದಲ್ಲಿ ಛದ ಎಂದರೆ ಎಲೆ. ಅರಳಿಕಟ್ಟೆಯಲ್ಲಿ ಆಡುವವರು ಕನ್ನಡದಲ್ಲಿ ಹೇಳುತ್ತಿದ್ದುದನ್ನೇ ಅರಮನೆ ಸಂಸ್ಕೃತದಲ್ಲಿ ಹೇಳಿತು! ಚಾಮುಂಡೇಶ್ವರಿ ಛದ, ನವಗ್ರಹ ಛದ, ಪಂಚಪಾಂಡವ ಛದ, ಜಗನ್ಮೋಹನ ಛದ ಎಂದು ಪಟ್ಟಿ ಬೆಳೆಯುತ್ತದೆ. ಎಲ್ಲಕ್ಕಿಂತ ಚಿಕ್ಕದರಲ್ಲಿ 36 ಎಲೆ, ದೊಡ್ಡದರಲ್ಲಿ 360. ಚಾಮುಂಡೇಶ್ವರಿಯದಕ್ಕೇ 320. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ರಂಗಮಹಲಿಗೆ ಹೋದವರು ಗೋಡೆಯ ಮೇಲೆಯೇ ಬರೆಸಿದ ಮಣೆಯಾಟದ ನಕ್ಷೆಗಳನ್ನು ನೋಡಿರುತ್ತಾರೆ. ಗೋಡೆಗೆ ಏರಿದ ಆಟ ಮರೆತುಹೋಗುವುದಿಲ್ಲವೆಂಬ ಲೆಕ್ಕವಿರಬೇಕು.

ಆದರೂ ಮರೆತುಹೋಯಿತು. ಆಟದ ಸೊಗಸಿಗೆ ಕೊರತೆಯಿರಲಿಲ್ಲ. ಸೂಕ್ಷ್ಮವಾದ ಕುಂಚದಿಂದ ದೇವತೆಗಳನ್ನು ಬಿಡಿಸಿದ ಆ ಎಲೆಗಳನ್ನು ಇವತ್ತು ಹೊರದೇಶದ ವಸ್ತುಸಂಗ್ರಹಾಲಯಗಳು ಗಾಜಿನೊಳಗೆ ಇಟ್ಟಿವೆ. ಬೊಂಬಾಯಿಯಲ್ಲಿ ನೆಲೆಸಿದ್ದ ಜರ್ಮನ್ ಕಲಾವಿಮರ್ಶಕ ರೂಡಿ ಫಾನ್ ಲೈಡೆನ್ ಅವುಗಳ ಬೆನ್ನು ಹತ್ತಿ ಬರೆದದ್ದರಿಂದ ಲೋಕಕ್ಕೆ ಗೊತ್ತಾಯಿತು. ಕೊರತೆ ಇದ್ದದ್ದು ಬೇರೆಡೆ. 320 ಎಲೆಯ ಆಟ ಅರಮನೆಯ ಹೊಸ್ತಿಲು ದಾಟಲು ಅದನ್ನು ಯಾರೋ ಒಬ್ಬರು ಒಂದು ಮಗುವಿಗೆ ಕಲಿಸಬೇಕು. ಕಲಿಸಲು ಮೊದಲು ಒಂದು ಜೊತೆ ಎಲೆ ಬೇಕು. ಕೈಯಲ್ಲಿ ಬರೆದ ಎಲೆ ಬಡವನ ಮನೆಗೆ ಬರುವುದಿಲ್ಲ. ಅಷ್ಟರಲ್ಲಿ ಬೆಲ್ಜಿಯಂನ ಟರ್ನ್‌ಹೌಟ್‌ನಂಥ ಊರುಗಳಲ್ಲಿ ಅಚ್ಚಾದ 52 ಎಲೆಯ ಕಟ್ಟು ಸಂತೆಯಲ್ಲೇ ಸಿಗತೊಡಗಿತು. 52 ಎಲೆ, ನಾಲ್ಕು ರಂಗು, ಒಂದು ಮಧ್ಯಾಹ್ನದ ಪಾಠ. ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಯಂದು ದೊಡ್ಡವರು ಸುತ್ತು ಕೂತು ಆಡುವಾಗ ಹೆಗಲ ಮೇಲಿಂದ ಇಣುಕಿ ನೋಡಿಯೇ ಹುಡುಗರು ಕಲಿತರು.

ಗಂಜೀಫಾ ಉಳಿದದ್ದು ಬೆರಳೆಣಿಕೆಯ ಊರುಗಳಲ್ಲಿ. ಅಂಥ ಒಂದು ಊರು ಅಲಿಪುರದಿಂದ ಹೆಚ್ಚು ದೂರವಿಲ್ಲ: ಬಂಗಾಳದ ಬಾಂಕುಡಾ ಜಿಲ್ಲೆಯ ಬಿಷ್ಣುಪುರ, ಸುಟ್ಟ ಮಣ್ಣಿನ ಗುಡಿಗಳ ಊರು. ಮಲ್ಲ ಅರಸರ ಕಾಲದಿಂದ ಅಲ್ಲಿ ‘ದಶಾವತಾರ ತಾಸ್’ ನಡೆದುಬಂದಿದೆ. ಹರಪ್ರಸಾದ ಶಾಸ್ತ್ರಿಗಳು 1895ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ದುಂಡೆಲೆಗಳ ಬಗ್ಗೆ ಒಂದು ಟಿಪ್ಪಣಿ ಬರೆದರು. ಅವತಾರಗಳ ಸಾಲಿನಲ್ಲಿ ಬುದ್ಧ ಒಂಬತ್ತನೆಯವನಾಗದೆ ಐದನೆಯವನಾಗಿರುವುದನ್ನು ಹಿಡಿದು, ಆಟ ಸಾವಿರ ವರ್ಷಕ್ಕೂ ಹಳೆಯದೆಂದು ಅವರು ವಾದಿಸಿದರು. ಒಂದು ಎಲೆಯ ಜಾಗದಿಂದ ಇಡೀ ಆಟದ ವಯಸ್ಸು ಎಣಿಸುವುದು ಸ್ವಲ್ಪ ಹೆಚ್ಚೇ ಆಯಿತು. ಆ ಬುದ್ಧ ಬಿಷ್ಣುಪುರದ ಎಲೆಯಲ್ಲಿ ಜಗನ್ನಾಥನ ರೂಪದಲ್ಲಿ ಕಾಣುತ್ತಾನೆಂಬುದು ಮಾತ್ರ ಕಣ್ಣೆದುರಿನ ಸಂಗತಿ.

ಅಲ್ಲಿ ಎಲೆ ಬರೆಯುವುದು ಫೌಜದಾರ್ ಮನೆತನದ ಕಸುಬು. ಹಳೆಯ ಬಟ್ಟೆಯನ್ನು ಪದರ ಪದರವಾಗಿ ಹುಣಿಸೆಬೀಜದ ಅಂಟಿನಿಂದ ಅಂಟಿಸಿ ಒಣಗಿಸುತ್ತಾರೆ, ಸುಣ್ಣದ ಹುಡಿ ಬಳಿಯುತ್ತಾರೆ, ಕಲ್ಲಿನಿಂದ ಉಜ್ಜಿ ನಯ ಮಾಡುತ್ತಾರೆ, ದುಂಡಗೆ ಕತ್ತರಿಸಿ ಬಣ್ಣ ಹಾಕುತ್ತಾರೆ. ಆ ಮನೆಯ ಮಕ್ಕಳಿಗೆ ಎಲೆ ಮೊದಲು ಆಟವಲ್ಲ, ಕೆಲಸ. ಇವತ್ತು ಆ ಎಲೆಗಳನ್ನು ಕೊಳ್ಳುವ ಹೆಚ್ಚಿನವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ನಮ್ಮಲ್ಲೂ ಅಷ್ಟೇ: ಮೈಸೂರು ಗಂಜೀಫಾಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಕಲಾವಿದ ರಘುಪತಿ ಭಟ್ಟರು ಶ್ರೀರಂಗಪಟ್ಟಣ, ಮೈಸೂರುಗಳಲ್ಲಿ ಆ ಬರವಣಿಗೆಗೆ ಜೀವ ತುಂಬಿದ್ದಾರೆ, ಚಿತ್ರಗಳಿಗೆ ಗಿರಾಕಿಗಳಿದ್ದಾರೆ. ಆಡುವವರು ಎಲ್ಲಿ? ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಪ್ರದರ್ಶನ ಏರ್ಪಡಿಸಿದಾಗ ಹಳೆಯ ಆಟಗಳೊಡನೆ ಗಂಜೀಫಾವೂ ಮೇಜಿನ ಮೇಲೆ ಬರುತ್ತದೆ.

ಈ ನಡುವೆ ಬೀದಿಯ ಮಕ್ಕಳು ದೊಡ್ಡವರ ಹಂಗಿಲ್ಲದೆ ತಮ್ಮದೇ ಎಲೆ ಹುಡುಕಿಕೊಂಡಿದ್ದರು. ಬೆಂಕಿಪೊಟ್ಟಣದ ಮೇಲಿನ ಚಿತ್ರ, ಖಾಲಿ ಸಿಗರೇಟು ಪ್ಯಾಕು. 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಹುಟ್ಟಿದ್ದು ಕಲ್ಕತ್ತೆಯಲ್ಲೇ. ಅದರ ಪ್ಯಾಕುಗಳು ಕನ್ನಡದ ಊರೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿರುತ್ತಿದ್ದವು. ನೆಲಕ್ಕೆ ವೃತ್ತ ಎಳೆದು, ಮಡಿಸಿದ ಪ್ಯಾಕುಗಳನ್ನು ನಡುವೆ ಇಟ್ಟು, ಚಪ್ಪಟೆ ಕಲ್ಲಿನಿಂದ ಹೊಡೆದು ಹೊರಗೆ ಹಾರಿಸಿದವನಿಗೆ ಅಷ್ಟೂ ಸ್ವಂತ. ಬೆಲೆ ಕಟ್ಟುವವರೂ ಮಕ್ಕಳೇ: ಎಲ್ಲರೂ ಸೇದುತ್ತಿದ್ದ ಚಾರ್‌ಮಿನಾರ್ ಅಗ್ಗ, ವಿಲ್ಸ್, ಗೋಲ್ಡ್ ಫ್ಲೇಕ್ ಮೇಲು, ಊರಿಗೆ ಬಂದ ನೆಂಟರು ಎಸೆದ ಫಾರಿನ್ ಪ್ಯಾಕಿಗೆ ಬೆಲೆಯೇ ಇಲ್ಲದಷ್ಟು ಬೆಲೆ. ಆಮೇಲೆ ಬಬಲ್‌ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬಂತು, ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಬಂತು. ಅವನ ತೂಕ ಎಷ್ಟು, ಇವನ ಎತ್ತರ ಎಷ್ಟು ಎಂದು ಹೋಲಿಸುತ್ತ ಎರಡನೇ ಕ್ಲಾಸಿನ ಹುಡುಗರು ಮೂರಂಕಿಯ ಲೆಕ್ಕವನ್ನು ಮೇಷ್ಟರಿಗಿಂತ ಮೊದಲೇ ಕಲಿತುಬಿಟ್ಟರು.

ಸಂಗ್ರಹಿಸುವುದು, ಬದಲಾಯಿಸಿಕೊಳ್ಳುವುದು, ಆಡುವುದು. ಈ ಮೂರನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿದವನು ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. 1993ರಲ್ಲಿ ಬಂದ ಅವನ ‘ಮ್ಯಾಜಿಕ್: ದ ಗ್ಯಾದರಿಂಗ್’ ಈ ಬಗೆಯ ಆಟಗಳಿಗೆ ಮೊದಲನೆಯದು. 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಎಲೆಗಳು ಬಂದವು. ಈಗ ಅಲಿಪುರದ ಫ್ಲಾಟುಗಳಲ್ಲೂ ಬೆಂಗಳೂರಿನ ಜಯನಗರದಲ್ಲೂ ಮಕ್ಕಳ ಸ್ಕೂಲ್ ಬ್ಯಾಗಿನಲ್ಲಿ ಅವು ಸಿಗುತ್ತವೆ. ಅಚ್ಚಾದ ಬೇರೆ ಬೇರೆ ಎಲೆಗಳು ಸಾವಿರಾರು. ಮುಮ್ಮಡಿಯವರ 360 ಇದರ ಮುಂದೆ ಏನೂ ಅಲ್ಲ. ಆದರೆ ಆಡುವಾಗ ಒಬ್ಬನ ಕೈಯ ಕಟ್ಟಿನಲ್ಲಿ 60 ಮಾತ್ರ, ಹೊಸಬರಿಗೆ ಅದರ ಅರ್ಧ ಸಾಕು. ಅರಮನೆಗೆ ಹೊಳೆಯದೇ ಹೋದ ಉಪಾಯವೆಂದರೆ ಇದು. ಆಟ ಎಷ್ಟೇ ದೊಡ್ಡದಾಗಿರಲಿ, ಬಾಗಿಲು ಚಿಕ್ಕದಾಗಿ ಇಟ್ಟರು.

ಆ ಚಿಕ್ಕ ಬಾಗಿಲನ್ನೂ ದೊಡ್ಡವರು ಅಡ್ಡ ನಿಂತು ಮುಚ್ಚುವುದುಂಟು. ಎಲೆಯ ಮೇಲಿನ ಸಾಲುಗಳನ್ನೆಲ್ಲ ಓದಿ ಹೇಳುತ್ತ ಕೂತರೆ ಐದು ವರ್ಷದ ಮಗು ಎದ್ದು ಹೋಗುತ್ತದೆ. ಬಲ್ಲವರು ಮೊದಲ ದಿನ ಎರಡೂ ಕಡೆಯ ಎಲೆಗಳನ್ನು ನೆಲದ ಮೇಲೆ ಬಿಚ್ಚಿಟ್ಟು ಆಡುತ್ತಾರೆ, ಸಂಖ್ಯೆ ಮಾತ್ರ ಹೋಲಿಸುತ್ತಾರೆ, ಒಂದೊಂದು ನಿಯಮವನ್ನು ಒಂದೊಂದು ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಕತ್ತೆ ಆಟ ಕಲಿಸಿದ ಸೋದರಮಾವ ಮಾಡಿದ್ದೂ ಇದನ್ನೇ.

ಕೋಲ್ಕತ್ತಾ ಕಡೆ ಹೋದವರು ಡುಯೆಲ್ ಅವೆನ್ಯೂ ನೋಡಿಕೊಂಡು ರೈಲು ಹತ್ತಿ ಬಿಷ್ಣುಪುರಕ್ಕೂ ಹೋಗಿ ಬನ್ನಿ. ಫೌಜದಾರರ ಮನೆಯಲ್ಲಿ ಒಂದು ಕಟ್ಟು ಕೊಂಡರೆ ದಯವಿಟ್ಟು ಚೌಕಟ್ಟು ಹಾಕಿಸಬೇಡಿ. ಮತ್ಸ್ಯದ ಹನ್ನೆರಡು, ರಾಮನ ಹನ್ನೆರಡು, ಒಟ್ಟು 24 ಎಲೆಗಳನ್ನು ಬೇರೆ ತೆಗೆದು ಮಗುವಿನ ಮುಂದೆ ಚಾಪೆಯ ಮೇಲೆ ಹರಡಿ. ಮೀನಿನಲ್ಲಿ ಹತ್ತು ದೊಡ್ಡದು, ಬಾಣದಲ್ಲಿ ಒಂದು ದೊಡ್ಡದು. ಜಗಳ ಬಂದರೆ ಬರಲಿ. ಹಗಲು ಹೊತ್ತಾಗಿದ್ದರೆ ಮೊದಲ ಎಲೆ ರಾಮನದು.