ಬಾರದ ರೋಗಿಯ ಶುಲ್ಕ: ಕಾನೂನು ಎಲ್ಲಿಯವರೆಗೆ?

ಪುಣೆ–ಸಾತಾರಾ ರಸ್ತೆಯ ಧನಕವಡಿಯಲ್ಲಿ ಭಾರತಿ ವಿದ್ಯಾಪೀಠದ ದೊಡ್ಡ ಆಸ್ಪತ್ರೆಯಿದೆ. ಸುತ್ತಲಿನ ಗಲ್ಲಿಗಳಲ್ಲಿ ಸಣ್ಣ ದವಾಖಾನೆಗಳಿವೆ. ಕೇಸ್ ಪೇಪರ್ ಮಾಡಿಸಿ ಸರದಿಯಲ್ಲಿ ಕೂರುವ ಓಪಿಡಿಗಳಲ್ಲಿ ಒಬ್ಬ ರೋಗಿ ಬಾರದಿದ್ದರೆ ಮುಂದಿನವರು ಒಳಗೆ ಹೋಗುತ್ತಾರೆ, ಯಾರಿಗೂ ನಷ್ಟವಿಲ್ಲ. ಹಲ್ಲಿನ ವೈದ್ಯರು, ಫಿಸಿಯೋಥೆರಪಿಸ್ಟರು, ಆಪ್ತಸಮಾಲೋಚಕರ ಮಾತು ಬೇರೆ. ಒಬ್ಬರಿಗಾಗಿ ಮುಕ್ಕಾಲು ಗಂಟೆ ತೆಗೆದಿಟ್ಟ ಮೇಲೆ ಅವರು ಬಾರದಿದ್ದರೆ ಆ ಸಮಯ ಹೋದದ್ದೇ. ಬಾರದವರಿಂದ ಶುಲ್ಕ ತೆಗೆದುಕೊಳ್ಳುವ ರೂಢಿಯ ಬೇರು ಇಲ್ಲಿದೆ.

ದಂಡವಲ್ಲ, ಮುಟ್ಟುಗೋಲು

ಕೆಲವು ಪಾಶ್ಚಾತ್ಯ ದೇಶಗಳಲ್ಲಿ ರೋಗಿ ಬಾರದಿದ್ದರೆ ಆಮೇಲೆ ಬಿಲ್ಲು ಮನೆಗೆ ಬರುತ್ತದೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ತಲೆಕೆಳಗು: ಸಮಯ ಗೊತ್ತುಮಾಡುವಾಗಲೇ ಯುಪಿಐಯಲ್ಲಿ ಹಣ ಹೋಗಿರುತ್ತದೆ, ಬಾರದಿದ್ದರೆ ಅದು ವಾಪಸು ಬರುವುದಿಲ್ಲ. ಹಾಗಾಗಿ ಇಲ್ಲಿ ನಿಯಮ ಬೇಕಿರುವುದು ಮುಖ್ಯವಾಗಿ ಹಣ ಹಿಂದಿರುಗಿಸುವ ಬಗ್ಗೆ. ಈ ವ್ಯತ್ಯಾಸವನ್ನು ಮರೆತರೆ ಚರ್ಚೆ ಪೂರ್ತಿ ದಾರಿ ತಪ್ಪುತ್ತದೆ.

ಹೆಸರು ಹೇಳದ ಕಾಯ್ದೆಗಳು

ಕೇಂದ್ರದ 2010ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯನ್ನು ಮಹಾರಾಷ್ಟ್ರ ಅಳವಡಿಸಿಕೊಂಡಿಲ್ಲ. ಅಲ್ಲಿ ನಡೆಯುವುದು 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆ. ಅದರ ನಿಯಮಗಳಿಗೆ 2021ರಲ್ಲಿ ತಿದ್ದುಪಡಿಯಾಗಿ ರೋಗಿಗಳ ಹಕ್ಕುಪಟ್ಟಿಯೂ ದರಪಟ್ಟಿ ಪ್ರದರ್ಶನವೂ ಕಡ್ಡಾಯವಾದವು. ಆದರೆ ಆ ಕಾಯ್ದೆ ರೋಗಿಗಳನ್ನು ಒಳಗೆ ದಾಖಲಿಸಿಕೊಳ್ಳುವ ಆಸ್ಪತ್ರೆಗಳದ್ದು. ಹಾಸಿಗೆಯಿಲ್ಲದ ಒಂದು ಕೋಣೆಯ ದವಾಖಾನೆ ಅದರ ಹೊರಗೇ ಉಳಿಯುತ್ತದೆ. ಬಾರದವರ ಶುಲ್ಕ ಹೆಚ್ಚಾಗಿ ಕೇಳಿಬರುವುದೂ ಅಂಥ ಕಡೆಯೇ.

ಇದೇ ಹೆದ್ದಾರಿ ಹಿಡಿದು ಬೆಳಗಾವಿಗೆ ಬಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಸಣ್ಣ ಕ್ಲಿನಿಕ್ಕನ್ನೂ ಒಳಗೊಳ್ಳುತ್ತದೆ. 2017ರಲ್ಲಿ ವೈದ್ಯರ ಭಾರಿ ಪ್ರತಿಭಟನೆಯ ನಡುವೆ ತಿದ್ದುಪಡಿಯಾದ ಈ ಕಾಯ್ದೆ ದರಪಟ್ಟಿ ತೂಗುಹಾಕಬೇಕೆನ್ನುತ್ತದೆ, ಜಿಲ್ಲಾ ಮಟ್ಟದಲ್ಲಿ ದೂರು ಕೇಳಲು ಸಮಿತಿ ಇಡುತ್ತದೆ. ಬಾರದ ರೋಗಿಯ ಶುಲ್ಕವನ್ನು ಹೆಸರಿಸಿ ಅದೂ ಮಾತಾಡುವುದಿಲ್ಲ.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿಸಂಹಿತೆಯಲ್ಲಿ ಒಂದು ಹಿಡಿಕೆ ಸಿಗುತ್ತದೆ: ವೈದ್ಯರು ತಮ್ಮ ಶುಲ್ಕವನ್ನು ಫಲಕದಲ್ಲಿ ಬರೆದು ಹಾಕಬೇಕು, ಸೇವೆಗೆ ಮುಂಚೆಯೇ ತಿಳಿಸಬೇಕು. ಮೊದಲೇ ಹೇಳದ ಶುಲ್ಕವನ್ನು ಆಮೇಲೆ ಕೇಳುವುದು ಈ ಮಾತಿಗೆ ಒಗ್ಗುವುದಿಲ್ಲ.

ಆದ ನಷ್ಟ ಎಷ್ಟು?

1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರು ಮುರಿದವರು ಕೊಡಬೇಕಾದ್ದು ನ್ಯಾಯವಾದ ಪರಿಹಾರ ಮಾತ್ರ. ಕರಾರಿನಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ. 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಷ್ಟವೇ ಆಗದಿದ್ದರೆ ಮುಂಗಡ ಮುಟ್ಟುಗೋಲಿಗೂ ಆಧಾರವಿಲ್ಲ ಎಂದಿತು. ಅದು ನಿವೇಶನದ ವ್ಯಾಜ್ಯವಾದರೂ ತತ್ವ ಇಲ್ಲಿಗೂ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ: ಬಾರದವರ ಜಾಗದಲ್ಲಿ ಇನ್ನೊಬ್ಬ ರೋಗಿಯನ್ನು ನೋಡಿದ್ದರೆ ವೈದ್ಯರು ಕಳೆದುಕೊಂಡದ್ದೇನು?

ವೈದ್ಯಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು 1995ರ ವಿ.ಪಿ. ಶಾಂತಾ ತೀರ್ಪು ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ನಷ್ಟಕ್ಕೆ ತೀರ ಮೀರಿದ ದಂಡ ಹಾಕುವ ಕರಾರನ್ನು ಅನುಚಿತ ಎಂದು ಕರೆಯಿತು. ಅದರಲ್ಲೊಂದು ತೊಡಕಿದೆ. ಅನುಚಿತ ಕರಾರಿನ ದೂರು ಜಿಲ್ಲಾ ಆಯೋಗಕ್ಕೆ ಬರುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಐನೂರು ರೂಪಾಯಿಗಾಗಿ ಅಷ್ಟು ದೂರ ಯಾರು ನಡೆದಾರು? ಹಕ್ಕು ಕಾಗದದಲ್ಲಿ ಉಳಿಯುವುದು ಹೀಗೆ.

ಆ್ಯಪ್‌ನಲ್ಲಿ ಕಾದಿರಿಸಿದರೆ

2020ರ ಇ-ಕಾಮರ್ಸ್ ನಿಯಮಗಳ ನಾಲ್ಕನೇ ನಿಯಮ ಈ ವಿಷಯದಲ್ಲಿ ನನಗೆ ಕಂಡ ಅತ್ಯಂತ ನ್ಯಾಯವಾದ ಸಾಲು. ಗ್ರಾಹಕ ರದ್ದು ಮಾಡಿದ್ದಕ್ಕೆ ಶುಲ್ಕ ಹಾಕುವ ಡಿಜಿಟಲ್ ವೇದಿಕೆ, ತಾನೇ ರದ್ದು ಮಾಡಿದಾಗ ಅಂಥದ್ದೇ ಶುಲ್ಕ ಹೊರಬೇಕು, ಇಲ್ಲವಾದರೆ ಹಾಕುವಂತಿಲ್ಲ. ಮೊದಲೇ ಟಿಕ್ ಮಾಡಿಟ್ಟ ಚೌಕವನ್ನು ಒಪ್ಪಿಗೆ ಎನ್ನುವಂತೆಯೂ ಇಲ್ಲ. ಆದರೆ ಆ್ಯಪ್‌ನ ಹೊರಗೆ, ದಿನಗೂಲಿ ಬಿಟ್ಟು ಬಂದವರನ್ನು ‘ಡಾಕ್ಟರು ಇವತ್ತು ಬರೋದಿಲ್ಲ’ ಎಂದು ರಿಸೆಪ್ಶನ್ನಿನಿಂದಲೇ ವಾಪಸು ಕಳಿಸಿದಾಗ ಯಾರೂ ಪರಿಹಾರ ಕೊಡುವುದಿಲ್ಲ. ಫೋನಿನಲ್ಲಿ ಗೊತ್ತುಮಾಡಿದ ಸಮಯಕ್ಕೂ ಈ ಸಮಾನ ಹೊಣೆ ವಿಸ್ತರಿಸಬೇಕು. ಬೇರೆ ಯಾವ ತಿದ್ದುಪಡಿಗಿಂತ ಇದು ತುರ್ತಿನದು.

ಹೊರಗಿನ ದಾರಿಗಳು

ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2022ರ ಮೇ 12ರಂದು, ಕೊರೊನಾ ಕಾಲದಲ್ಲಿ ಮಗುವಿಗೆ ನೆಗಡಿಯೆಂದು ಕೊನೆಗಳಿಗೆಯಲ್ಲಿ ಚಿಕಿತ್ಸೆ ರದ್ದು ಮಾಡಿದ ತಾಯಿಯೂ ಶುಲ್ಕ ಕೊಡಬೇಕೆಂದಿತು. ನನಗೆ ಅದು ಕಠೋರವೆನಿಸುತ್ತದೆ. ಅಮೆರಿಕದಲ್ಲಿ ವೃದ್ಧರ ಮೆಡಿಕೇರ್ ಯೋಜನೆಯವರಿಂದ, ಉಳಿದ ರೋಗಿಗಳಿಂದಲೂ ಅಷ್ಟೇ ತೆಗೆದುಕೊಳ್ಳುವುದಾದರೆ, ಈ ಶುಲ್ಕ ಪಡೆಯಬಹುದು. ಬಡವರ ಮೆಡಿಕೇಡ್‌ನವರಿಂದ ಪಡೆಯುವಂತಿಲ್ಲ. ಫ್ರಾನ್ಸಿನ ಪ್ರಧಾನಿ 2024ರಲ್ಲಿ ಪ್ರಕಟಿಸಿದ 5 ಯೂರೋ ಶುಲ್ಕ, ಅಂದುಕೊಂಡಂತೆ 2025ರ ಜನವರಿಯಲ್ಲಿ ಜಾರಿಯಾಗಲಿಲ್ಲ.

ರೋಗಿಯ ಕೈಯಲ್ಲಿರುವುದು

ಹಣ ಕಳಿಸುವ ಮೊದಲು ಎಷ್ಟು ಗಂಟೆ ಮುಂಚೆ ತಿಳಿಸಿದರೆ ಹಣ ವಾಪಸು ಎಂದು ಕೇಳಿ, ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲೇ ಪಡೆಯಿರಿ. ಬರಲಾಗದಿದ್ದರೆ ಕರೆ ಮಾಡಿ ಸುಮ್ಮನಾಗದೆ ಸಂದೇಶವನ್ನೂ ಕಳಿಸಿ. ಸಮಯ ನಮೂದಾಗಿ ಉಳಿಯುತ್ತದೆ. ಹಣ ಹಿಡಿದಿಟ್ಟುಕೊಂಡರೆ ರಸೀದಿ ಕೇಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಆಯೋಗದ ಮೆಟ್ಟಿಲು ಹತ್ತುವ ಮುನ್ನ ಮಾತುಕತೆಯಲ್ಲಿ ಬಗೆಹರಿಸಲು ಅದು ನೆರವಾಗುತ್ತದೆ.