ಫಿಯಟ್ 500 ಕಾರಿನ ಎಂಜಿನ್ ಪರಿವರ್ತನೆ

ಇಟಲಿಯ ಟುರಿನ್ ನಗರದ ಫಿಯಟ್ ಸಂಸ್ಥೆಯು ದಾಂತೆ ಜಾಕೋಸ ಎಂಬ ಶಿಲ್ಪಿಯ ವಿನ್ಯಾಸದಂತೆ 1957ರಲ್ಲಿ ಹೊರತಂದ 500 ಎಂಬ ಕಿರುಕಾರಿನ ಹಿಂಭಾಗದಲ್ಲಿ 479 ಘನ ಸೆಂಟಿಮೀಟರಿನ ಎಂಜಿನ್ ಇದ್ದಿತು. ಎರಡು ಸಿಲಿಂಡರುಗಳುಳ್ಳ ಅದನ್ನು ತಣಿಸುವುದಕ್ಕೆ ನೀರಿಲ್ಲ, ಗಾಳಿಯೇ ಸಾಧನ. ಈ ಕಾರನ್ನು ಕಾಪಾಡಿಕೊಂಡು ಬಂದವರಲ್ಲಿ ಹಲವರು ಮೂಲದ ಎಂಜಿನ್ನನ್ನು ತೆಗೆದು, ಅದೇ ಸಂಸ್ಥೆಯ 126 ಎಂಬ ಕಾರಿನ 594 ಅಥವಾ 652 ಘನ ಸೆಂಟಿಮೀಟರಿನ ಎಂಜಿನ್ನನ್ನು ಕೂರಿಸುತ್ತಾರೆ. ಇದರಿಂದ ಕಾರಿನ ಮೂಲಸ್ವರೂಪಕ್ಕೆ ಭಂಗವೆಂಬುದು ಒಂದು ಪಕ್ಷ.

ಇತಿಹಾಸವು ಈ ಪಕ್ಷವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. 1972ರಲ್ಲಿ 126 ಹೊರಬಂದಾಗ ಸಂಸ್ಥೆಯೇ ಅದರ 594ರ ಎಂಜಿನ್ನನ್ನು 23 ಅಶ್ವಶಕ್ತಿಯಿಂದ 18ಕ್ಕೆ ತಗ್ಗಿಸಿ, 500 ಆರ್ ಎಂಬ ಕಡೆಯ ಮಾದರಿಯಲ್ಲಿರಿಸಿ, 1975ರವರೆಗೆ ನಿರ್ಮಿಸಿತು. ಆದಕಾರಣ ದೊಡ್ಡ ಎಂಜಿನ್ ಪರಕೀಯವಲ್ಲ, ಒಂದೇ ವಂಶದ್ದು. ಆದರೆ ಶಕ್ತಿಯನ್ನು ತಗ್ಗಿಸಿದ ಅಂಶವನ್ನು ಮರೆಯಲಾಗದು. ಮೊದಲಿಗೆ 13 ಅಶ್ವಶಕ್ತಿಯ ಕಾರಿಗೆಂದು ಮಾಡಿದ ಡ್ರಮ್ ಬ್ರೇಕುಗಳು ಹೆಚ್ಚಿದ ವೇಗವನ್ನು ತಡೆಯಬೇಕು. ಹೆಚ್ಚಿದ ಶಾಖವು ಹೊರಹೋಗಲು ದಾರಿಯಿರಬೇಕು.

ಗ್ರಂಥಸಂಪಾದಕನು ಪಾಠವನ್ನು ತಿದ್ದಿದಲ್ಲಿ ಮೂಲಪಾಠವನ್ನು ಅಡಿಯಲ್ಲಿ ಕಾಣಿಸುವನು. ಅಂತೆಯೇ ಹಳೆಯ ಎಂಜಿನ್ನನ್ನು ಕಾಪಿಟ್ಟು, ಮಾಡಿದ ಮಾರ್ಪಾಟನ್ನು ಕಾರಿನ ದಾಖಲೆಯಲ್ಲಿ ಬರೆದಿಡುವುದು ಯುಕ್ತ. ಹಾಗೆ ಬರೆದಿಟ್ಟದ್ದು ಪಾಠಾಂತರ, ಮರೆಮಾಚಿದ್ದು ಪ್ರಕ್ಷಿಪ್ತ.